ಕಿವಿ ಇಡುವ ಮೊದಲು

ಮಾತೇ ನನ್ನ ಬಂಡವಾಳ. ಕುಶಾಲನಗರದ ಬಸ್ ಸ್ಟ್ಯಾಂಡಿನ ಹಿಂದೆ, ಟೈಲರ್ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ಕೂತು ಸಣ್ಣಪುಟ್ಟ ವ್ಯಾಪಾರದವರಿಗೆ ಅಗ್ಗದ ವೆಬ್‌ಸೈಟ್ ಮಾಡಿಕೊಡುತ್ತೇನೆ. ಐದು ಪುಟ, ಒಂದು ಮ್ಯಾಪು, ಒಂದು ವಾಟ್ಸಪ್ ಬಟನ್ನು. ಹೋಮ್‌ಸ್ಟೇಯವರು, ಬೇಕರಿಯವರು, ಜೇನು ಮಾರುವವರು, ಒಬ್ಬ ಹಲ್ಲಿನ ಡಾಕ್ಟರು, ಎಲ್ಲರೂ ನನ್ನ ಗಿರಾಕಿಗಳೇ. ಎಲ್ಲರದ್ದೂ ಒಂದೇ ಅಚ್ಚು; ಬಣ್ಣ ಬೇರೆ, ಫೋಟೋ ಬೇರೆ. ಹಾಗಂತ ಅವರಿಗೆ ಹೇಳುವುದಿಲ್ಲ.

ಈ ಜಿಲ್ಲೆಯಲ್ಲಿ ಏನನ್ನಾದರೂ ಮಾರಲು ಹೊರಟವರಿಗೆ ಗೊತ್ತು, ಇಲ್ಲಿ ಯಾರೂ ‘ಬೇಡ’ ಅನ್ನುವುದಿಲ್ಲ. ಕೂರಿಸಿ ಕಾಫಿ ಕೊಡುತ್ತಾರೆ, ಯಾವ ಊರು, ಯಾರ ಮಗಳು ಎಂದು ವಿಚಾರಿಸುತ್ತಾರೆ, ಹೊರಡುವಾಗ ಕೈಗೆ ನಾಲ್ಕು ಕಿತ್ತಳೆ ಹಾಕಿ ‘ನೋಡುವ’ ಅನ್ನುತ್ತಾರೆ. ಆ ‘ನೋಡುವ’ ಕೇಳಿದರೆ ನನಗೆ ಪಿತ್ತ ನೆತ್ತಿಗೇರುತ್ತದೆ. ಆದರೂ ನಗುತ್ತೇನೆ, ಮತ್ತೆ ಹೋಗುತ್ತೇನೆ. ಮೂರನೆಯ ಸಲಕ್ಕೆ ನನ್ನ ಬಾಯಿ ಮುಚ್ಚಿಸಲಿಕ್ಕಾದರೂ ಒಪ್ಪಿಕೊಳ್ಳುತ್ತಾರೆ.

ಗಿರಿ ಒಬ್ಬನೇ ತಾನಾಗಿ ಮೆಟ್ಟಿಲು ಹತ್ತಿ ಬಂದವನು. ಶ್ರೀಮಂಗಲದಲ್ಲಿ ಆಟೋ ಓಡಿಸುವವನು, ಬಿಡಿಭಾಗ ಕೊಳ್ಳಲು ಬಂದವನು ಬೋರ್ಡು ನೋಡಿ ಬಂದಿದ್ದ. ಕುರ್ಚಿಯ ತುದಿಯಲ್ಲಿ ಕೂತು ಹೇಳಿದ, “ಮೇಡಂ, ನನ್ನ ಹೆಂಡ್ತಿ ನಾಯಿ ಮಾಡ್ತಾಳೆ.”

“ಸಾಕ್ತಾರಾ?”

“ಸಾಕೋದಲ್ಲ ಮಾರಾಯ್ರೆ, ಮಾಡ್ತಾಳೆ. ಮಣ್ಣಲ್ಲಿ.”

ಅವನ ಊರಿನ ಕಾಡಿನಲ್ಲಿ ಅಯ್ಯಪ್ಪ ಇದ್ದಾನಂತೆ. ಹರಕೆ ಹೊತ್ತವರು ಅಲ್ಲಿಗೆ ಮಣ್ಣಿನ ನಾಯಿ ಒಪ್ಪಿಸುತ್ತಾರೆ. ಬೇಟೆಯ ದೇವರಿಗೆ ನಾಯಿ ಬೇಕಲ್ಲವೇ. ಆ ನಾಯಿಗಳನ್ನು ಮಾಡುವವಳು ಗಿರಿಯ ಹೆಂಡತಿ ತುಳಸಿ, ಅವಳಿಗೆ ಅವಳ ಅಪ್ಪ ಕಲಿಸಿದ್ದು. ಕಳೆದ ಮಳೆಗಾಲದ ಗಾಳಿಗೆ ಮಣ್ಣು ಸುಡುವ ಗೂಡಿನ ಶೆಡ್ಡು ಬಿದ್ದು ಈಗ ಟಾರ್ಪಾಲಿನ ಅಡಿಯಲ್ಲಿ ಸುಡುತ್ತಿದ್ದಾಳೆ, ಅರ್ಧಕ್ಕರ್ಧ ಒಡೆದು ಹೋಗುತ್ತಿವೆ. ಇನ್ನೊಂದು ಮಳೆಗಾಲಕ್ಕೆ ಮೊದಲು ಶೆಡ್ಡು ಆಗದಿದ್ದರೆ ತಾನು ಈ ಕೆಲಸ ಬಿಟ್ಟು ಎಸ್ಟೇಟಿಗೆ ಕಾಫಿ ಕೊಯ್ಯುವ ಪಿಕ್ಕಿಂಗಿಗೆ ಹೋಗುತ್ತೇನೆ ಎಂದಿದ್ದಾಳೆ. “ಅವಳು ಹೇಳಿದ್ರೆ ಮಾಡುವವಳೇ. ನಾಯಿ ಬಿಟ್ರೆ ಅವಳಿಗೆ ಜೀವ ಇರಲ್ಲ ಮೇಡಂ. ಹತ್ತು ಜನಕ್ಕೆ ಗೊತ್ತಾಗ್ಲಿ, ಬರ್ಲಿ” ಎಂದ ಗಿರಿ.

ಮಣ್ಣಿನ ನಾಯಿಯ ಹರಕೆಯನ್ನು ನಾನು ಕೇಳಿದ್ದೆ, ಕಂಡಿರಲಿಲ್ಲ. ನಾವು ಮಡಿಕೇರಿಯ ಆಚೆಯ ಗುಡ್ಡದವರು, ಅರೆಭಾಷೆ ಮಾತಾಡುವವರು. ಎರಡು ಸಾವಿರದ ಹದಿನೆಂಟರ ಆಗಸ್ಟಿನಲ್ಲಿ ಗುಡ್ಡ ಜಾರಿ ಮನೆ, ಕೊಟ್ಟಿಗೆ, ತೋಟ ಎಲ್ಲ ಒಟ್ಟಿಗೆ ಹೊಳೆಗಿಳಿದ ಮೇಲೆ ಕುಶಾಲನಗರದ ಪಕ್ಕ ಸರ್ಕಾರ ಕೊಟ್ಟ ಮನೆಯಲ್ಲಿದ್ದೇವೆ. ಅಪ್ಪ ಬೊಳ್ಳಪ್ಪ, ಅಮ್ಮ ವನಜಮ್ಮ, ತಮ್ಮ ದಿಗಂತ್, ನಾನು ದೀಕ್ಷಿತಾ. ನಾಲ್ವರೂ ಬದುಕಿ ಬಂದೆವು. ಬಾರದೆ ಉಳಿದದ್ದು ಕರಿಯ, ನಮ್ಮ ನಾಯಿ.

ಎರಡು ಬಸ್ಸು ಬದಲಾಯಿಸಿ ನಾನು ಗಿರಿಯ ಮನೆಗೆ ಹೋದ ದಿನ ತುಳಸಿ ಮನೆಯಲ್ಲಿರಲಿಲ್ಲ, ಮಣ್ಣು ತರಲು ಗದ್ದೆಗೆ ಹೋಗಿದ್ದಳು. ಗಿರಿಯೇ ಉತ್ಸಾಹದಿಂದ ಹಿಂದಿನ ಚಾವಡಿಗೆ ಕರೆದೊಯ್ದು, ಹಲಗೆಯ ಮೇಲೆ ಹೊದೆಸಿದ್ದ ಒದ್ದೆ ಗೋಣಿಚೀಲವನ್ನು ಸರಿಸಿದ. ಮೊಣಕೈಯಷ್ಟು ಉದ್ದದ ಹತ್ತಾರು ನಾಯಿಗಳು ಸಾಲಾಗಿ ನಿಂತಿದ್ದವು. ನೀಳ ಮೂತಿ, ಎತ್ತಿದ ಬಾಲ, ಹೊರಡಲು ಸಿದ್ಧವಾದ ಕಾಲುಗಳು. ಒಂದಕ್ಕೂ ಕಿವಿ ಇರಲಿಲ್ಲ. ತಲೆ ನುಣ್ಣಗೆ, ಹೊಳೆಯ ಕಲ್ಲಿನ ಹಾಗೆ.

“ಕಿವಿ ಯಾಕಿಲ್ಲ?” ಎಂದೆ.

“ಅದು ಆಮೇಲೆ. ಅದೆಲ್ಲ ಅವಳೇ ನೋಡ್ಕೊಳ್ತಾಳೆ” ಎಂದ ಗಿರಿ.

ನಾನು ಹೆಚ್ಚು ಕೇಳಲಿಲ್ಲ. ಬೆಳಕು ಚೆನ್ನಾಗಿತ್ತು, ಫೋಟೋ ತೆಗೆದೆ. ಆಫೀಸಿಗೆ ಬಂದು ನನ್ನ ಅಚ್ಚಿನಲ್ಲಿ ಸುರಿದೆ. ಅಚ್ಚು ಕೇಳುವ ಕಡೆಯೆಲ್ಲ ಏನಾದರೂ ತುಂಬಲೇಬೇಕು. ‘ರೆಡಿ ಸ್ಟಾಕ್ ಇದೆ’ ಎಂದು ತುಂಬಿದೆ. ‘ಹೆಚ್ಚು ಕೊಂಡರೆ ರಿಯಾಯಿತಿ’ ಎಂದು ತುಂಬಿದೆ. ಕಿವಿ ಇಲ್ಲದ್ದಕ್ಕೂ ಒಂದು ಹೆಸರು ಬೇಕಲ್ಲ, ‘ಮಾಡರ್ನ್ ಡಿಸೈನ್’ ಎಂದು ಬರೆದು ನನ್ನ ಜಾಣತನಕ್ಕೆ ನಾನೇ ನಕ್ಕೆ. ಎಲ್ಲಕ್ಕಿಂತ ಚಂದದ ಫೋಟೋಗೆ ಫೈಲಿನ ಹೆಸರು ಕೊಡುವಾಗ ಮಾತ್ರ ಕೈ ತಾನಾಗಿ ‘ಕರಿಯ’ ಎಂದು ಟೈಪ್ ಮಾಡಿತು.

ಸೈಟು ಹಾಕಿ ವಾರ ತುಂಬುವುದರೊಳಗೆ ಕೀರ್ತಿಕುಮಾರ್ ಎಂಬವರ ಫೋನು ಬಂತು. ಹೊಸದಾಗಿ ತೆರೆಯಲಿರುವ ಒಂದು ರೆಸಾರ್ಟಿನ ಮ್ಯಾನೇಜರು. ತೋಟದ ಕಾಲುದಾರಿಯ ಎರಡೂ ಬದಿಗೆ ಸಾಲಾಗಿ ನಿಲ್ಲಿಸಲು ನೂರು ನಾಯಿ ಬೇಕು, ಕಿವಿ ಇಲ್ಲದವೇ ಬೇಕು, ಪ್ರತಿಯೊಂದರ ಪಕ್ಕ ಒಂದು ಪುಟ್ಟ ದೀಪ. “ಇದೊಂದು ಟೈಮಿಗೆ ಮಾಡ್ಕೊಡಿ ಮೇಡಂ, ನಮ್ಮ ಮೂರೂ ರೆಸಾರ್ಟಿನ ವೆಬ್‌ಸೈಟು ನಿಮಗೇ” ಎಂದರು. ನಾನು ಫೋನಿಟ್ಟು ಕೋಣೆಯಲ್ಲೇ ಒಂದು ಸುತ್ತು ಕುಣಿದೆ. ಬೇಕರಿ ಬೇಕರಿ ಅಲೆದು ‘ನೋಡುವ’ ಕೇಳುವ ಕರ್ಮ ಮುಗಿಯಿತು ಅಂದುಕೊಂಡೆ. ಗಿರಿಗೆ ಹೇಳಿದರೆ ಅವನು ಆಗಲೇ ಶೆಡ್ಡಿಗೆ ಯಾವ ಬಣ್ಣದ ಶೀಟು ಎಂದು ಯೋಚಿಸತೊಡಗಿದ.

ಒಳ್ಳೆಯ ಸುದ್ದಿಯನ್ನು ನಾನೇ ಮುಖತಃ ಹೇಳಬೇಕೆಂದು ಮರುದಿನವೇ ಶ್ರೀಮಂಗಲದ ಬಸ್ಸು ಹತ್ತಿದೆ. ಈ ಸಲ ತುಳಸಿ ಇದ್ದಳು. ಸಣಕಲು ಹೆಂಗಸು, ಮೊಣಕೈವರೆಗೆ ಮಣ್ಣು, ಹಣೆಗೂ ಸ್ವಲ್ಪ ಮೆತ್ತಿಕೊಂಡಿತ್ತು. ನೂರು ನಾಯಿ ಬೇಕಂತೆ ಎಂದು ನಾನು ಹೇಳಿದ ಕೂಡಲೇ ಮಣ್ಣು ತುಳಿಯುತ್ತಿದ್ದ ಅವಳ ಕಾಲು ನಿಂತಿತು, ಮುಖ ಬಿಳಿಚಿಕೊಂಡಿತು.

“ಅಯ್ಯೋ ದೇವ್ರೇ,” ಅಂದಳು, “ನೂರು ಜನಕ್ಕೆ ಏನಾಯ್ತು?”

ನನಗೆ ನಗು ಬಂತು. ಏನೂ ಆಗಿಲ್ಲ, ರೆಸಾರ್ಟಿನ ದಾರಿಗೆ ಅಲಂಕಾರಕ್ಕೆ ಎಂದೆ. ಅವಳು ನಿಟ್ಟುಸಿರು ಬಿಟ್ಟು ಮತ್ತೆ ಮಣ್ಣು ತುಳಿಯಲು ನಿಂತಳು. “ಹಾಗಾದ್ರೆ ಆಗಲ್ಲ ಬಿಡಿ” ಎಂದಳು, ಸಕ್ಕರೆ ಇಲ್ಲ ಅನ್ನುವಷ್ಟು ಸಲೀಸಾಗಿ.

ಆಮೇಲೆ ತಿಳಿದದ್ದು ಇಷ್ಟು. ನಾಯಿಯ ಮೈ ಅವಳು ಮೊದಲೇ ಮಾಡಿಡುತ್ತಾಳೆ. ಒದ್ದೆ ಗೋಣಿಯ ಅಡಿಯಲ್ಲಿ ಅದು ಹಸಿಯಾಗಿ ಕಾಯುತ್ತದೆ. ಹರಕೆಯವರು ಬಂದು ಎದುರಿಗೆ ಕೂತು, ಯಾತಕ್ಕಾಗಿ ಎಂದು ಬಾಯಿಬಿಟ್ಟು ಹೇಳಬೇಕು. ಬೇಡಿಕೊಳ್ಳುವುದಾದರೂ ಸರಿ, ಬೇಡಿದ್ದು ಆಗಿ ಒಪ್ಪಿಸುವುದಾದರೂ ಸರಿ. ಅವರು ಹೇಳಿ ಮುಗಿಸಿದಾಗ ಅವಳು ಕಿವಿ ಇಡುತ್ತಾಳೆ. ಯಾರೂ ಬಾರದಿದ್ದರೆ ಆ ನಾಯಿಗಳನ್ನು ನೀರಿಗೆ ಹಾಕಿ ಮತ್ತೆ ಮಣ್ಣು ಮಾಡುತ್ತಾಳೆ.

ನನಗೆ ಮಿಂಚಿನಂತೆ ಉಪಾಯ ಹೊಳೆಯಿತು. “ಅವರು ಕೇಳ್ತಾ ಇರೋದೇ ಕಿವಿ ಇಲ್ಲದ್ದು ತುಳಸಿ! ನಿಮ್ಮ ನಿಯಮ ಕಿವಿಗೆ ತಾನೆ? ಕಿವಿ ಇಡೋದೇ ಬೇಡ. ಹಾಗೇ ಸುಟ್ಟುಕೊಡಿ.”

“ಕಿವಿ ಇಲ್ಲದ್ದನ್ನ ಬೆಂಕಿಗೆ ಹಾಕಲ್ಲ” ಎಂದಳು. “ಸುಟ್ಟ ಮೇಲೆ ಅದು ಮಣ್ಣಾಗಲ್ಲ. ಯಾರ ಮಾತೂ ಕೇಳದೆ ಹಾಗೇ ನಿಂತಿರ್ಬೇಕು, ಎಷ್ಟು ಕಾಲ ಅಂತ. ಪಾಪ ಅಲ್ವಾ?”

ನನ್ನ ತಾಳ್ಮೆ ಅಲ್ಲಿಗೆ ಕಡಿಯಿತು. ಪಾಪವಂತೆ! ಶೆಡ್ಡು ಬಿದ್ದಿದೆ, ಮಳೆಗಾಲ ಬರುತ್ತದೆ, ಗಂಡ ಊರೂರು ಅಲೆಯುತ್ತಿದ್ದಾನೆ, ಮನೆ ಬಾಗಿಲಿಗೆ ಬಂದದ್ದನ್ನು ಕಾಲಲ್ಲಿ ಒದೆಯುತ್ತಿದ್ದೀರಿ, ಕಾಫಿ ಪಿಕ್ಕಿಂಗಿಗೆ ಹೋದ ಮೇಲೆ ಈ ನಾಯಿಗಳಿಗೆ ಯಾರು ಕಿವಿ ಇಡುತ್ತಾರೆ ಎಂದು ಬಾಯಿಗೆ ಬಂದಂತೆ ಆಡಿದೆ. ಗಿರಿ ಆಟೋ ಒರೆಸುವ ನೆಪದಲ್ಲಿ ಅಂಗಳಕ್ಕೆ ಜಾರಿಕೊಂಡ. ತುಳಸಿ ಕೈಕಾಲು ತೊಳೆದು, ಸೆರಗಿಗೆ ಒರೆಸಿಕೊಂಡು, “ಬನ್ನಿ, ಒಂದ್ಸಲ ನೋಡಿ. ಆಮೇಲೆ ಬೇಕಾದ್ರೆ ಬೈಯಿರಿ” ಎಂದು ಮುಂದೆ ನಡೆದಳು.

ಕಾಫಿ ತೋಟದ ಅಂಚಿನಲ್ಲಿ ದೇವರಕಾಡು ಶುರುವಾಗುತ್ತಿತ್ತು. ಬೇಲಿ ಇರಲಿಲ್ಲ, ಒಂದು ಕಲ್ಲು ನೆಟ್ಟಿತ್ತು ಅಷ್ಟೆ. ಚಪ್ಪಲಿ ಅಲ್ಲಿ ಬಿಡಬೇಕು. ಒಳಗಿನಿಂದ ಒಂದು ಒಣ ಕಡ್ಡಿಯನ್ನೂ ತರುವಂತಿಲ್ಲ ಎಂದಳು ತುಳಸಿ. ಬಿದ್ದ ಮರಗಳು ಬಿದ್ದಲ್ಲೇ ಕರಗುತ್ತಿದ್ದವು. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ತೋಟದ ಕಡೆಯ ಮಾತು, ಮೋಟಾರಿನ ಸದ್ದು ಎಲ್ಲ ನಿಂತುಹೋಯಿತು. ನಾನು ಇನ್ನೂ ಸಿಟ್ಟಿನಲ್ಲೇ ಇದ್ದೆ, ಹಾಗಾಗಿ ಮೊದಲು ಗಮನಿಸಲಿಲ್ಲ. ಕಾಲಿಗೆ ಏನೋ ತಾಗಿ ಬಗ್ಗಿ ನೋಡಿದರೆ ಒಂದು ನಾಯಿ.

ತಲೆ ಎತ್ತಿದೆ. ನಾಯಿಗಳು.

ಒಂದು ಸಾಲಲ್ಲ, ಎರಡು ಸಾಲಲ್ಲ. ಮರದ ಬುಡ ಬುಡಕ್ಕೂ ನಾಯಿಗಳು, ಬೇರುಗಳ ನಡುವೆ ನಾಯಿಗಳು, ಮೇಲಿನ ಇಳಿಜಾರಿನಲ್ಲಿ ಕಣ್ಣು ಹಾಯುವವರೆಗೆ ನಾಯಿಗಳು. ಹೊಸವು ಕೆಂಪಗೆ, ಹಳೆಯವು ಕಪ್ಪಗೆ, ಅದಕ್ಕೂ ಹಳೆಯವು ಪಾಚಿಯಿಂದ ಹಸಿರಾಗಿ. ಒಂದರ ಬೆನ್ನಿನಿಂದ ಜರಿಗಿಡ ಎದ್ದಿತ್ತು. ಇನ್ನೊಂದನ್ನು ಒಂದು ಬೇರು ಮಗುವನ್ನು ಎತ್ತಿಕೊಂಡಂತೆ ತಬ್ಬಿ ಹಿಡಿದಿತ್ತು. ಇನ್ನೂ ಒಳಗೆ ಹೋದರೆ ಮೂತಿ ಸವೆದು, ಕಾಲು ಮುರಿದು, ಬರೀ ಗುಪ್ಪೆಗಳಾಗಿ ಉಳಿದಿದ್ದವು. ಅವುಗಳ ಅಡಿಯಲ್ಲಿ ಇನ್ನೂ ಹಳೆಯವು ಇವೆ ಎಂದಳು ತುಳಸಿ. ನಾನು ನಿಂತ ನೆಲವೇ ನಾಯಿಗಳಿಂದ ಆದದ್ದು ಎಂದು ಗೊತ್ತಾದಾಗ ಕಾಲು ಎತ್ತಿಡಲು ಭಯವಾಯಿತು.

ಪ್ರತಿಯೊಂದಕ್ಕೂ ಎರಡು ಕಿವಿ. ಗುರುತು ಸಿಗದಷ್ಟು ಸವೆದವಕ್ಕೂ ತಲೆಯ ಮೇಲೆ ಎರಡು ಉಬ್ಬು ಉಳಿದಿತ್ತು.

“ಇದು ಜ್ವರದ್ದು” ಎಂದು ತುಳಸಿ ಒಂದನ್ನು ತೋರಿಸಿದಳು. “ಇದು ಬಸುರಿದು. ಇದು ಕಾಶ್ಮೀರದಲ್ಲಿ ಮಗ ಇದ್ದವರದು. ಆಚೆಯವು ನಮ್ಮ ಅಪ್ಪ ಮಾಡಿದ್ದು, ನಂಗೆ ಗೊತ್ತಿಲ್ಲ. ಅದರಾಚೆದು ಯಾರಿಗೂ ಗೊತ್ತಿಲ್ಲ. ಆದ್ರೆ ನಾಯಿಗೆ ಗೊತ್ತಿರುತ್ತೆ.”

ಯಾರು ಯಾರೋ, ಎಷ್ಟೋ ತಲೆಮಾರಿನವರು, ಮನೆಯವರ ಎದುರೂ ಬಾಯಿಬಿಡದ ಮಾತನ್ನು ಇವಕ್ಕೆ ಹೇಳಿ ಹೋಗಿದ್ದಾರೆ. ಅಷ್ಟೂ ಮಾತು ಇಲ್ಲಿ ಇದೆ, ಒಂದೂ ಹೊರಗೆ ಬಂದಿಲ್ಲ. ಐದು ಪುಟದಲ್ಲಿ ಯಾರ ಬದುಕನ್ನಾದರೂ ತುಂಬಿಸಿಬಿಡಬಲ್ಲೆ ಎಂದು ಜಂಬ ಪಡುತ್ತಿದ್ದ ನಾನು ಅಲ್ಲಿ ಬಾಯಿ ತೆರೆದುಕೊಂಡು ನಿಂತೆ. ಅಷ್ಟು ದೊಡ್ಡದರ ಎದುರು ನಾನು ಅದುವರೆಗೆ ನಿಂತಿರಲಿಲ್ಲ. ತುಳಸಿ ಕಾಯುತ್ತಿದ್ದಳು, ನನಗೆ ಬೈಯಲಿಕ್ಕೆ ಏನೂ ಉಳಿದಿರಲಿಲ್ಲ.

ಆದರೆ ಆರ್ಡರು ಆರ್ಡರೇ. ಕೀರ್ತಿಕುಮಾರ್ ಅವರಿಗೆ ಫೋನಿನಲ್ಲಿ ‘ಆಗುವುದಿಲ್ಲ’ ಎಂದರೆ ಅವರು ಒಪ್ಪಲಿಲ್ಲ. ರೇಟು ಏರಿಸಲು ನಾವು ಆಟ ಹೂಡುತ್ತಿದ್ದೇವೆ ಅಂದುಕೊಂಡರೋ ಏನೋ, ಕಿವಿ ಇದ್ದರೂ ಪರವಾಗಿಲ್ಲ, ನಾನೇ ಮಾತಾಡುತ್ತೇನೆ ಎಂದು ಹೊರಟುಬಂದರು. ನಿಜ ಹೇಳಬೇಕೆಂದರೆ ನನ್ನ ಮನಸ್ಸಿನ ಒಂದು ಮೂಲೆ ಇನ್ನೂ ಮೂರು ರೆಸಾರ್ಟುಗಳ ಲೆಕ್ಕ ಹಾಕುತ್ತಲೇ ಇತ್ತು. ಅವರ ಕಾರಿನಲ್ಲೇ ನಾನೂ ಹೋದೆ. ಹಾಸನದ ಕಡೆಯವರು, ಇಸ್ತ್ರಿ ಮಾಡಿದ ಶರ್ಟು, ದಾರಿಯುದ್ದಕ್ಕೂ ತಮಾಷೆ. “ನಾಯಿಗೆ ಕಿವಿ ಇಡಿಸೋಕೆ ಇಷ್ಟು ರಗಳೆ ಎಲ್ಲೂ ನೋಡಿಲ್ಲ ಕಣ್ರೀ” ಎಂದು ನಗುತ್ತಿದ್ದರು.

ತುಳಸಿ ಅವರಿಗೆ ಮಣೆ ಹಾಕಿದಳು. ಅವರು ಪ್ಯಾಂಟು ಎತ್ತಿಕೊಂಡು ಕಷ್ಟಪಟ್ಟು ಕೂತರು. ಹಲಗೆಯ ಮೇಲಿನ ಗೋಣಿ ಸರಿಸಿ ಒಂದು ನಾಯಿಯನ್ನು ಅವರ ಮುಂದಿಟ್ಟು, ಬಟ್ಟಲಿನಿಂದ ಎರಡು ಚಿಟಿಕೆ ಹಸಿಮಣ್ಣು ತೆಗೆದು ಬೆರಳಲ್ಲಿ ಹಿಡಿದು ಕೇಳಿದಳು, “ಯಾತಕ್ಕೆ?”

“ದಾರಿ ಪಕ್ಕ ಇಡೋಕೆ.”

“ಅದು ಎಲ್ಲಿ ಇಡೋದು ಅಂತಾಯ್ತು. ಯಾತಕ್ಕೆ ಅಂತ ಹೇಳಿ ಸಾರ್. ನೂರೂ ಹೇಳಿದ್ರೆ ನೂರಕ್ಕೂ ಕಿವಿ ಇಡ್ತೀನಿ. ನಂಗೇನೂ ಬೇಜಾರಿಲ್ಲ.”

ಅವರು ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. “ಆಯ್ತಮ್ಮಾ. ಒಂದು, ರೂಮೆಲ್ಲ ಫುಲ್ ಆಗ್ಲಿ. ಎರಡು, ನಮ್ಮ ಎಂಡಿ ಸಾಹೇಬ್ರಿಗೆ ಒಳ್ಳೆ ಬುದ್ಧಿ ಬರ್ಲಿ. ಮೂರು...” ಎಂದು ಶುರುಮಾಡಿದರು. ತುಳಸಿ ನಗಲೂ ಇಲ್ಲ, ಮುಖ ಸಿಂಡರಿಸಲೂ ಇಲ್ಲ. ಎರಡು ಚಿಟಿಕೆ ಮಣ್ಣು ಹಿಡಿದುಕೊಂಡು ಅವರ ಮುಖವನ್ನೇ ನೋಡುತ್ತ ಕೂತಿದ್ದಳು. ಕಿವಿ ಇಲ್ಲದ ನಾಯಿಯೂ ಅವರನ್ನೇ ನೋಡುತ್ತಿತ್ತು. ಮೂರನೆಯದು ಅವರಿಗೆ ಸಿಗಲಿಲ್ಲ. ನಗು ಸ್ವಲ್ಪ ಹೊತ್ತು ಮುಖದಲ್ಲಿ ಹಾಗೇ ನಿಂತು, ಆಮೇಲೆ ಇಳಿಯಿತು. ಹೊರಗೆ ಮೆಣಸಿನ ಬಳ್ಳಿಯಲ್ಲಿ ಯಾವುದೋ ಹಕ್ಕಿ ಕೂಗುತ್ತಿತ್ತು.

“ನಮ್ಮ ತಂದೆ,” ಎಂದರು ಕೀರ್ತಿಕುಮಾರ್. ಧ್ವನಿಯೇ ಬೇರೆಯಾಗಿತ್ತು. “ಮಲಗಿದಲ್ಲೇ ಇದ್ದಾರೆ. ಎಲ್ಲ ಮರೆತುಹೋಗಿದೆ. ನಾನು ಹೋದ್ರೆ ಯಾರಪ್ಪ ನೀನು, ಊಟ ಮಾಡ್ಕೊಂಡು ಹೋಗು ಅಂತಾರೆ. ಒಂದ್ಸಲ... ಒಂದೇ ಒಂದ್ಸಲ ನನ್ನ ಹೆಸರು ಹಿಡಿದು ಕರೀಲಿ.”

ತುಳಸಿ ಕಿವಿ ಇಟ್ಟಳು. ಮೊದಲು ಬಲ, ಆಮೇಲೆ ಎಡ. ಮಣ್ಣನ್ನು ಮಡಿಸಿ ತಲೆಗೆ ಒತ್ತಿ, ಹೆಬ್ಬೆರಳನ್ನು ಅಲ್ಲೇ ತುಸು ಹೊತ್ತು ಬಿಟ್ಟಳು. ಕೈ ತೆಗೆದಾಗ ನನ್ನೆದುರಿದ್ದದ್ದು ಬೇರೆಯದೇ ನಾಯಿ. ಆಗ ತಾನೇ ಯಾರೋ ಕರೆದು, ಅದು ತಲೆ ಎತ್ತಿದ ಹಾಗಿತ್ತು. ನಾನು ಕಣ್ಣಾರೆ ನೋಡಿದೆ, ಆದರೂ ಅದು ಹೇಗಾಯಿತೆಂದು ನನಗೆ ಈಗಲೂ ಹೇಳಲು ಬರುವುದಿಲ್ಲ.

“ಕೇಳಿಸ್ಕೊಂಡಿದೆ” ಎಂದಳು ತುಳಸಿ.

ಕೀರ್ತಿಕುಮಾರ್ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು. ಎದ್ದು ಅಂಗಳಕ್ಕೆ ಹೋಗಿ ಬಿದ್ದ ಶೆಡ್ಡಿನ ಹತ್ತಿರ ನಿಂತರು. ತಿರುಗಿ ಬಂದವರು ನನಗೆ, “ಮೇಡಂ, ದಾರಿಗೆ ಸಿಮೆಂಟಿನ ಬಾತುಕೋಳಿ ಹಾಕಿಸ್ತೀನಿ ಬಿಡಿ. ನಂಗೆ ಇದೊಂದು ಸಾಕು” ಎಂದರು. ನೂರು ನಾಯಿ ಒಂದಾಯಿತು. ಮೂರು ರೆಸಾರ್ಟಿನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬಾಗಿಲ ಬಳಿ ನಿಂತಿದ್ದ ಗಿರಿಯ ಮುಖ ನೋಡಲು ನನಗೆ ಧೈರ್ಯ ಸಾಲಲಿಲ್ಲ.

ಹೊರಡೋಣ ಎಂದು ಏಳುವಾಗ ತುಳಸಿ ಹಲಗೆಯಿಂದ ಇನ್ನೊಂದು ನಾಯಿಯನ್ನು ತೆಗೆದು ನನ್ನ ಮುಂದಿಟ್ಟಳು. ಸೈಟಿನಲ್ಲಿ ನಾನು ಎಲ್ಲಕ್ಕಿಂತ ಮೇಲೆ ಹಾಕಿದ್ದ ನಾಯಿ. ಬೆರಳಲ್ಲಿ ಎರಡು ಚಿಟಿಕೆ ಮಣ್ಣು.

“ನನ್ನದೇನೂ ಇಲ್ಲ” ಎಂದೆ.

“ಆಯ್ತು” ಎಂದಳು. ಆದರೆ ಮಣ್ಣು ಕೆಳಗಿಡಲಿಲ್ಲ.

ಎಷ್ಟು ಜನರ ಎದುರು ಎಷ್ಟು ಮಾತಾಡಿದ ಬಾಯಿ ಇದು. ಆವತ್ತು ಮೊದಲ ಮಾತಿಗಾಗಿ ತಡಕಾಡಿದೆ. ಕೊನೆಗೆ ಹೇಳಿದೆ. ಹದಿನೆಂಟರ ಆಗಸ್ಟಿನ ಬೆಳಿಗ್ಗೆ ಕರಿಯ ಒಂದೇ ಸಮನೆ ಬೊಗಳುತ್ತಿತ್ತು. ಅಪ್ಪ ಗದರಿದರೂ ನಿಲ್ಲಿಸಲಿಲ್ಲ. ಅದಕ್ಕೆ ಎರಡು ಬಿಡೋಣವೆಂದು ಅಮ್ಮ ಕೋಲು ಹಿಡಿದು ಬಾಗಿಲು ತೆಗೆದರೆ ಅಂಗಳ ಬಿರುಕು ಬಿಟ್ಟಿತ್ತು. ಉಟ್ಟ ಬಟ್ಟೆಯಲ್ಲಿ ನಾಲ್ವರೂ ಓಡಿದೆವು. ರಸ್ತೆಯ ತಿರುವಿನವರೆಗೆ ಕರಿಯ ನಮ್ಮ ಜೊತೆಗೇ ಇತ್ತು. ಅಲ್ಲಿ ನಿಂತು ನಮ್ಮನ್ನೊಮ್ಮೆ ನೋಡಿ, ಕೊಟ್ಟಿಗೆಯಲ್ಲಿ ದನ ಉಳಿದಿವೆ ಎಂದು ನೆನಪಾದ ಹಾಗೆ ಹಿಂದಕ್ಕೆ ಓಡಿತು. ಆಮೇಲೆ ಗುಡ್ಡ ಬಂತು.

“ಪರಿಹಾರದ ಕ್ಯಾಂಪಿನಲ್ಲಿ ಬೇರೆಯವರ ಮನೆಯಲ್ಲಿ ಮನುಷ್ಯರೇ ಹೋಗಿದ್ರು. ನಾಯಿಗೆ ಅಳೋದು ಹೇಗೆ ಅಂತ ನಾವು ಯಾರೂ ಅದರ ಹೆಸರೇ ಎತ್ತಲಿಲ್ಲ” ಎಂದೆ. “ಬೇಡಿಕೊಳ್ಳೋದು ಏನೂ ಇಲ್ಲ ತುಳಸಿ. ನಾವು ನಾಲ್ಕು ಜನವೂ ಇದ್ದೀವಿ ಅಂತ ಅದಕ್ಕೆ ಹೇಳ್ಬೇಕು. ಅಷ್ಟೆ.”

ಅವಳು ಬಲಗಿವಿ ಇಟ್ಟಳು. ಎಡಗಿವಿ ಹಿಡಿದು, “ಹೇಗಿತ್ತು?” ಎಂದಳು.

“ಎಡಗಿವಿ ಮಡಚಿಕೊಂಡಿರ್ತಿತ್ತು. ಮರಿಯಲ್ಲಿ ಹಸು ತುಳಿದು.”

ತುಳಸಿ ಎಡಗಿವಿಯ ತುದಿಯನ್ನು ಹೆಬ್ಬೆರಳಿನಿಂದ ಕೆಳಗೆ ಬಗ್ಗಿಸಿದಳು. ನಾನು ಅತ್ತೆ. ಇಷ್ಟು ವರ್ಷ ಅಳದೆ ಉಳಿಸಿಕೊಂಡದ್ದನ್ನು ಅವಳ ಚಾವಡಿಯಲ್ಲಿ, ರೆಸಾರ್ಟಿನ ಮ್ಯಾನೇಜರ ಎದುರು, ನಾಚಿಕೆ ಬಿಟ್ಟು ಅತ್ತೆ.

ಆಫೀಸಿಗೆ ಬಂದು ಸೈಟನ್ನು ಬಿಚ್ಚಿ ಹಾಕಿದೆ. ರೆಡಿ ಸ್ಟಾಕ್, ರಿಯಾಯಿತಿ, ಮಾಡರ್ನ್ ಡಿಸೈನ್, ಎಲ್ಲ ತೆಗೆದೆ. ಐದು ಪುಟ ಒಂದೇ ಪುಟವಾಯಿತು. ಒದ್ದೆ ಗೋಣಿ ಹೊದ್ದ ಹಲಗೆಯ ಫೋಟೋ, ಮನೆಗೆ ದಾರಿ, ಕೆಳಗೆ ಒಂದು ಸಾಲು: ‘ಬಂದು ಹೇಳಿ. ಹೇಳಿದ ಮೇಲೆ ಕಿವಿ ಇಡುತ್ತೇವೆ.’ ಇಷ್ಟು ಕಡಿಮೆ ಮಾತಿನ ಸೈಟನ್ನು ನಾನು ಯಾರಿಗೂ ಮಾಡಿಕೊಟ್ಟದ್ದಿಲ್ಲ. ಇದರಿಂದ ಏನಾದೀತೆಂಬ ನಂಬಿಕೆಯೂ ನನಗಿರಲಿಲ್ಲ.

ಜನ ಬಂದರು. ಮೈಸೂರಿನಿಂದ, ಮಂಗಳೂರಿನಿಂದ, ರಜೆಯಲ್ಲಿ ಊರಿಗೆ ಬಂದ ಸೈನಿಕರು, ಅಜ್ಜಿ ಹೊತ್ತ ಹರಕೆಯನ್ನು ಒಪ್ಪಿಸಬೇಕೆಂದು ಹುಡುಕುತ್ತಿದ್ದ ಮೊಮ್ಮಕ್ಕಳು. ಮನೆ ಯಾವುದೆಂದು ಗೊತ್ತಿರಲಿಲ್ಲ, ಈಗ ಗೊತ್ತಾಯಿತು ಅಂದರಂತೆ. ದಿನಕ್ಕೆ ಒಬ್ಬರೋ ಇಬ್ಬರೋ, ಆದರೆ ನಿಲ್ಲದೆ. ಮಾರ್ಚಿನಲ್ಲಿ ಗಿರಿ ಶೆಡ್ಡಿಗೆ ನೀಲಿ ಶೀಟು ಹೊದಿಸಿದ. ಪಿಕ್ಕಿಂಗಿನ ಮಾತು ತುಳಸಿ ಮತ್ತೆ ಎತ್ತಲಿಲ್ಲ.

ಆ ಹೊಸ ಶೆಡ್ಡಿನ ಮೊದಲ ಬೆಂಕಿಯಲ್ಲಿ ನಮ್ಮ ನಾಯಿಯೂ ಸುಟ್ಟು ಹೊರಬಂತು. ಅದನ್ನು ಕಾಡಿಗೆ ಒಪ್ಪಿಸಬೇಕೆಂದು ಮನೆಯಲ್ಲಿ ಹೇಳಿದೆ. ಅಮ್ಮ ನನ್ನ ಜೊತೆ ಹೊರಡಲೆಂದು ಸೀರೆ ಬದಲಾಯಿಸಲು ಎದ್ದು, “ನಾನೂ ಬನ್ನೆ” ಎಂದರು.

ಕಾಡಿನ ಕಲ್ಲಿನ ಬಳಿ ಚಪ್ಪಲಿ ಬಿಟ್ಟು ನಾನು ನಾಯಿಯನ್ನು ಹೊತ್ತು ಒಳಗೆ ನಡೆದೆ. ಅಮ್ಮ ಆ ಸಾವಿರ ಸಾವಿರ ನಾಯಿಗಳನ್ನು ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡು ನಿಂತುಬಿಟ್ಟರು. ಒಂದು ಮರದ ಬುಡದಲ್ಲಿ ಜಾಗ ನೋಡಿ ನಾನು ಅದನ್ನು ಇಳಿಸಿದೆ. ಆಗ ಅಮ್ಮನ ಕಣ್ಣಿಗೆ ಎಡಗಿವಿ ಬಿತ್ತು. ಹತ್ತಿರ ಬಂದು ಕೂತರು, ಮಡಚಿದ ಕಿವಿಯನ್ನು ಬೆರಳಿಂದ ಸವರಿದರು. ಆ ಮನೆಯ ಹಿತ್ತಿಲಲ್ಲಿ ದಿನಾ ಸಂಜೆ ಅನ್ನದ ತಟ್ಟೆ ಹಿಡಿದು ಕೂಗುತ್ತಿದ್ದ ಅದೇ ಧ್ವನಿಯಲ್ಲಿ, ಅಷ್ಟೇ ಗಟ್ಟಿಯಾಗಿ ಕರೆದರು.

“ಕರಿಯಾ, ಉಣ್ಕೆ ಬಾ.”

ಸುತ್ತಲಿನ ಅಷ್ಟೂ ಕಿವಿಗಳು ಕೇಳಿಸಿಕೊಂಡವು.